ಸಿಡಿಯದ ಸಾಸಿವೆ

ಇದನ್ನು ಹೇಳುವುದನ್ನು ಮುಂದಕ್ಕೆ ಹಾಕುತ್ತಲೇ ಬಂದೆ. ಅವ್ವ ಇರುವ ತನಕ, ಅವಳಿಗೆ ನೋವಾಗುತ್ತದೆ ಅಂದುಕೊಂಡೆ. ಅವ್ವ ಹೋದ ಮೇಲೆ, ಸತ್ತವಳ ಮೇಲೆ ಮಾತೇಕೆ ಅಂದುಕೊಂಡೆ. ಆಮೇಲೆ ಮಗನ ಮದುವೆ ಬಂತು, ಆಮೇಲೆ ಕಣ್ಣಿನ ಆಪರೇಷನ್ನು. ಅದೂ ಮುಗಿದ ಮೇಲೆ ನೆಪ ಯಾವುದೂ ಉಳಿಯಲಿಲ್ಲ, ಬರೀ ಹೆದರಿಕೆ ಉಳಿಯಿತು. ನಾನು ಓದಿದ್ದು ಹೈಸ್ಕೂಲಿನ ತನಕ. ಬರೆಯಲು ಬರುವುದಿಲ್ಲ ಅಂತ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ನಮ್ಮ ಮನೆಯ ಜಗುಲಿ, ದನದ ಕೊಟ್ಟಿಗೆ, ಅಪ್ಪನ ಬೀಡಿ, ಅಜ್ಜಿಯ ಬೈಗುಳ ಎಲ್ಲವನ್ನೂ ಇಲ್ಲಿಯವರೆಗೆ ಬರೆದಿದ್ದೇನಲ್ಲ! ಬರೆಯುವಾಗೆಲ್ಲ ಒಂದು ಮಳೆಗಾಲದ ಕೊನೆಯನ್ನು ಮಾತ್ರ ಚರಂಡಿ ದಾಟುವ ಹಾಗೆ ಹಾರಿಕೊಂಡು ಬಂದೆ. ಮೊನ್ನೆ ನನ್ನ ತಮ್ಮ ಬಂದಿದ್ದ. ನಾನು ಏನು ಬರೆಯಲು ಕೂತಿದ್ದೇನೆ ಅಂತ ಯಾರೋ ಅವನ ಕಿವಿಗೆ ಹಾಕಿದ್ದರು.

"ಅಣ್ಣ, ಅದೊಂದ್ ಬುಟ್ಬುಡು. ಹೋದೋರೆಲ್ಲ ಹೋದ್ರು. ಈಗ ಅವ್ವನ ಹೆಸ್ರ ಯಾಕ್ ಬೀದಿಗೆ ಎಳೀತೀಯ?"

"ಅವ್ವನ ಹೆಸ್ರು ಬೀದೀಲೇ ಐತೆ ಕಣ್ಲಾ. ಹೋಟ್ಲು ಬಾಗ್ಲಲ್ಲಿ, ಹಲಗೆ ಮೇಲೆ. ಅದೇ ತಪ್ಪು."

"ನಿಂಗೆ ವಯಸ್ಸಾಯ್ತು."

"ಅದ್ಕೇ ಬರೀತಾ ಇರೋದು."

ಅವನು ಎದ್ದು ಹೋದ. ಹೋಗಲಿ. ಇದರಿಂದ ಮನೆಯ ಮರ್ಯಾದೆ ಹೋಗುತ್ತದೆ ಅನ್ನುವವರಿಗೆ ನಾನು ಒಂದೇ ಮಾತು ಹೇಳುತ್ತೇನೆ. ಮರ್ಯಾದೆ ಹೋಗಿದ್ದು ಆವತ್ತು, ಹೋಗಿದ್ದು ಒಬ್ಬಳದು. ಉಳಿದವರೆಲ್ಲ ಅದನ್ನು ಹಂಚಿಕೊಂಡು ಉಂಡೆವು.

ಹಲಗೆ ಅಂದೆನಲ್ಲ, ಅದನ್ನು ಮೊದಲು ಹೇಳಿಬಿಡುತ್ತೇನೆ. ನನ್ನ ಮಗ ಮತ್ತು ಸೊಸೆ ರಾಮನಗರದಲ್ಲಿ, ಹಳೇ ಮೈಸೂರು ರಸ್ತೆಯ ಮಗ್ಗುಲಿಗೆ, ಒಂದು ಮುದ್ದೆ ಹೋಟೆಲು ನಡೆಸುತ್ತಾರೆ. ಹೊಸ ಹೆದ್ದಾರಿ ಆದ ಮೇಲೆ ಬೆಂಗಳೂರಿನ ಕಾರುಗಳು ನಮ್ಮ ಕಡೆ ತಲೆ ಹಾಕುವುದಿಲ್ಲ. ಬರುವವರು ರೇಷ್ಮೆಗೂಡು ಮಾರಲು ಬಂದ ರೈತರು, ಆಟೋದವರು, ಕೋರ್ಟಿನ ಬಾಗಿಲು ಕಾದು ಹಸಿದವರು. ಹಿರಿಯರಿಗೆ ಎಡೆ ಇಡುವ ಮಾರ್ಲಾಮಿ ಹಬ್ಬ ಕಳೆದು ಚಿತ್ತೆ ಮಳೆ ಹಿಡಿಯಿತು ಅಂದರೆ ಅವರೆಲ್ಲ ಒಳಗೆ ಬರುತ್ತಲೇ ಕೇಳುವುದು ಒಂದೇ: ಹುರುಳಿಕಟ್ಟಿನ ಸಾರು. ಹುರುಳಿ ಬೇಯಿಸಿ, ನೀರು ಬಸಿದು, ಆ ಕಟ್ಟಿಗೆ ಖಾರ ಕೂಡಿಸಿ, ಮೇಲೆ ಹುರಿದ ಹುಚ್ಚೆಳ್ಳನ್ನು ಅಂಗೈಯಲ್ಲಿ ಉಜ್ಜಿ ಉದುರಿಸುವ ಸಾರು. ಒಗ್ಗರಣೆ ಇಲ್ಲ. ಬಿಸಿ ಮುದ್ದೆ ಮುರಿದು ಅದರಲ್ಲಿ ಅದ್ದಿದರೆ ಬೆನ್ನಿನ ಚಳಿ ಬಿಡುತ್ತದೆ. ಊಟ ಆದ ಮೇಲೆ ಒಂದು ಲೋಟ ಕೊತ್ತಂಬರಿ ಬೀಜ, ಶುಂಠಿ, ಬೆಲ್ಲದ ಕಾಫಿ. ನನ್ನ ಸೊಸೆ ಸವಿತ ದಿನಾ ಬೆಳಿಗ್ಗೆ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುತ್ತಿದ್ದಳು: ಇವತ್ತು ಅಜ್ಜಿ ಸಾರು. ಅಜ್ಜಿ ಅಂದರೆ ನನ್ನ ಅವ್ವ, ನನ್ನ ಮಗನಿಗೆ ಅಜ್ಜಿ. ಅವನು ಅದನ್ನು ಅವಳ ಕೈಯಲ್ಲೇ ತಿಂದು ಬೆಳೆದವನು, ಅವನದೇನೂ ತಪ್ಪಿಲ್ಲ. ಆದರೆ ಆ ಸಾರು ನನ್ನ ಅವ್ವನದಲ್ಲ.

ಕೈಲಾಂಚದ ಹತ್ತಿರದ ನಮ್ಮೂರಿನ ಮನೆಯಲ್ಲಿ ಒಳ್ಳೆಯ ಜಾಗ ಹುಳದ್ದು. ಹಜಾರದ ತುಂಬ ಅಟ್ಟಣಿಗೆ, ಅಟ್ಟಣಿಗೆಯ ಮೇಲೆ ಸಾಲಾಗಿ ಬಿದಿರು ತಟ್ಟೆ, ತಟ್ಟೆಯ ತುಂಬ ರೇಷ್ಮೆಹುಳ. ನಾವು ಮನುಷ್ಯರು ಕಂಬದ ಸಂದಿಯಲ್ಲಿ, ಜಗುಲಿಯಲ್ಲಿ, ರಾಗಿ ಮೂಟೆಯ ಮಗ್ಗುಲಲ್ಲಿ ಮಲಗುತ್ತಿದ್ದೆವು. ಅಡುಗೆಮನೆಗೂ ಹಜಾರಕ್ಕೂ ನಡುವೆ ಇದ್ದದ್ದು ಎದೆಮಟ್ಟದ ಒಂದು ಮೋಟುಗೋಡೆ. ಒಲೆಯ ಮೇಲಿನದ್ದು ಏನೇ ಆದರೂ ಅದರ ವಾಸನೆ ನೇರ ಹುಳದ ಮೇಲೆ. ಹಾಗಾಗಿ ಮನೆಯಲ್ಲಿ ಒಂದು ಕಟ್ಟುಪಾಡಿತ್ತು. ಹುಳ ನಾಲ್ಕನೇ ಜ್ವರದಿಂದ ಎದ್ದಿತು, ಅಂದರೆ ಕೊನೆಯ ಸಲ ಪೊರೆ ಬಿಟ್ಟು ಹೊಟ್ಟೆಬಾಕನಂತೆ ತಿನ್ನಲು ಶುರು ಮಾಡಿತು ಅಂದರೆ, ಅದು ಗೂಡು ಕಟ್ಟುವ ತನಕ ಮನೆಯೊಳಗೆ ಒಗ್ಗರಣೆ ಇಲ್ಲ. ಮೆಣಸಿನಕಾಯಿ ಹುರಿಯುವ ಹಾಗಿಲ್ಲ. ಅಪ್ಪ ಬೀಡಿ ಸೇದಬೇಕಾದರೆ ಕಣದ ತನಕ ನಡೆದು ಹೋಗುತ್ತಿದ್ದ. ಆ ದಿನಗಳಲ್ಲಿ ನನ್ನ ಅಜ್ಜಿ ಸಾಸಿವೆ ಡಬ್ಬಿಯನ್ನು ತನ್ನ ಮರದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದಳು. ಅಪ್ಪನ ಅವ್ವ ಅವಳು, ಮನೆಯ ಯಜಮಾನಿ. ಒಗ್ಗರಣೆ ಇಲ್ಲದ ಊಟ ಅಂದರೆ ನಮ್ಮ ಮನೆಯಲ್ಲಿ ಬೇಯಿಸಿದ ಸೊಪ್ಪು, ಉಪ್ಪು, ಹಸಿಮೆಣಸಿನಕಾಯಿ. ಹೊರಗೆ ಮಳೆ ಹಿಡಿದು, ನೆಲ ತಣ್ಣಗೆ ಕೊರೆಯುವ ಕಾಲದಲ್ಲಿ ಆ ಸಪ್ಪೆ ಊಟ ಉಣ್ಣುವಾಗ ಹುಳದ ಮೇಲೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅದಕ್ಕಾದರೋ ಹೊತ್ತುಹೊತ್ತಿಗೆ ಎಳೆ ಸೊಪ್ಪು.

ಆ ಮನೆಗೆ ಚಿಕ್ಕಪ್ಪನನ್ನು ಮದುವೆಯಾಗಿ ಬಂದವಳು ನನ್ನ ಚಿಕ್ಕವ್ವ. ನಮ್ಮ ಮನೆಯಲ್ಲಿ ಸೊಸೆಯರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಹುಟ್ಟಿದ ಊರು ಹಿಡಿದು ಕರೆಯುತ್ತಿದ್ದರು. ನನ್ನ ಅವ್ವ ಕಬ್ಬಾಳಿನವಳು, ಅವಳು 'ಕಬ್ಬಾಳೋಳು'. ಚಿಕ್ಕವ್ವ ಮಾಗಡಿ ಕಡೆಯ ಗುಡೇಮಾರನಹಳ್ಳಿಯಿಂದ ಬಂದವಳು, ಅವಳು 'ಗುಡೇಮಾರನಳ್ಳಿಯೋಳು'. ಇಷ್ಟುದ್ದದ ಹೆಸರನ್ನು ಅಜ್ಜಿ ಒಂದೇ ಉಸಿರಿಗೆ ಕೂಗುತ್ತಿದ್ದಳು, ಅದರ ಅರ್ಧ ಚಿಕ್ಕಪ್ಪನ ಹೆಂಡತಿಗೆ, ಇನ್ನರ್ಧ ಅವಳ ತವರಿಗೆ ಬೈದ ಹಾಗೆ ಕೇಳುತ್ತಿತ್ತು. ಚಿಕ್ಕವ್ವ ಎತ್ತರದ ಹೆಂಗಸು. ಮೋಟುಗೋಡೆಯ ಮೇಲಿಂದ ಅವಳ ತಲೆ ಮಾತ್ರವಲ್ಲ, ಭುಜವೂ ಕಾಣುತ್ತಿತ್ತು. ನಗುವಾಗ ಬಾಯಿ ಮುಚ್ಚಿಕೊಳ್ಳುತ್ತಿರಲಿಲ್ಲ. ಬಂದ ವರ್ಷವೇ ಒಗ್ಗರಣೆಯಿಲ್ಲದ ಊಟಕ್ಕೆ ಅವಳು ಒಂದು ದಾರಿ ಕಂಡುಹಿಡಿದಳು. ಹುಳ ಇನ್ನೂ ಸಣ್ಣದಿರುವಾಗಲೇ ಹಿತ್ತಲಲ್ಲಿ ಹುಚ್ಚೆಳ್ಳು ಹುರಿದು, ತವರಿಂದ ತಂದ ತಗಡಿನ ಡಬ್ಬಿಗೆ ತುಂಬಿ ಮುಚ್ಚಿಟ್ಟಳು. ಬೆಳ್ಳುಳ್ಳಿಯನ್ನು ಸಿಪ್ಪೆ ಸಮೇತ ಬಿಸಿ ಬೂದಿಯಲ್ಲಿ ಹುಗಿದು ಮೆತ್ತಗೆ ಮಾಡಿದಳು. ಕಾಯಿ, ಮೆಣಸು, ಹಸಿ ಕೊತ್ತಂಬರಿ ಸೊಪ್ಪನ್ನು ಒರಳಲ್ಲಿ ಅರೆದು ಹುರುಳಿಕಟ್ಟಿಗೆ ಕೂಡಿಸಿ, ಕೊನೆಗೆ ಹುಚ್ಚೆಳ್ಳು ಉಜ್ಜಿ ಹಾಕಿದಳು. ಹೊಗೆ ಇಲ್ಲ, ಘಾಟು ಇಲ್ಲ. ಅಜ್ಜಿ ಮೊದಲ ಸಲ ಮೂಸಿ ನೋಡಿದಳು.

"ಏನೇ ಇದು, ಎಣ್ಣೆ ಗಾಣದ ನೀರಿದ್ದಂಗೈತೆ?"

"ಒಸಿ ಬಾಯಿಗೆ ಬುಟ್ಕೊಂಡ್ ನೋಡಿ ಅತ್ತೆ. ಆಮೇಕೆ ಬೈಯಿರಂತೆ."

ಅಜ್ಜಿ ಎರಡನೇ ಸಲ ಬಡಿಸಿಕೊಂಡಳು, ಬೈಯಲಿಲ್ಲ, ಹೊಗಳಲೂ ಇಲ್ಲ. ಹೊಗಳದೆ ಇದ್ದದ್ದಕ್ಕೆ ಆಮೇಲೆ ಸೇಡು ತೀರಿಸಿಕೊಂಡಳು ಅಂತ ಈಗ ನನಗೆ ಅನ್ನಿಸುತ್ತದೆ. ಅವ್ವನಿಗೂ ಒಳಗೊಳಗೇ ಉರಿ. ಮನೆಗೆ ಮೊದಲು ಬಂದವಳು ಅವಳು, ಒಲೆ ಅವಳದಾಗಿತ್ತು. ಈಗ ಅಪ್ಪ, ಚಿಕ್ಕಪ್ಪ, ನಾವು ಮಕ್ಕಳು ಎಲ್ಲ ಒಳಗೆ ಕಾಲಿಡುತ್ತಲೇ ಚಿಕ್ಕವ್ವನ ಮುಖ ನೋಡುತ್ತಿದ್ದೆವು.

ಚಿತ್ತೆ ಮಳೆಯಲ್ಲಿ ಅವಳ ಒಲೆಯ ಪಕ್ಕ ಕೂರುವುದು ಅಂದರೆ ಏನು ಅಂತ ಹೇಗೆ ಹೇಳಲಿ? ಹೊರಗೆ ಜಿನುಗು ಮಳೆ. ರಾಗಿ ಹೊಲದ ಸಾಲಿನಲ್ಲಿ ಹುಚ್ಚೆಳ್ಳು ಹಳದಿ ಹೂ ಬಿಟ್ಟಿರುತ್ತಿತ್ತು. ಕಿತ್ತು ತಂದ ಹಸಿ ಕಡಲೆಕಾಯಿಯನ್ನು ಮಣ್ಣು ತೊಳೆದು, ಉಪ್ಪು ಹಾಕಿ, ದೊಡ್ಡ ಮಡಕೆಯಲ್ಲಿ ಅವಳು ಬೇಯಲು ಇಡುತ್ತಿದ್ದಳು. ಸಂಜೆ ಸ್ಕೂಲಿನಿಂದ ಬಂದವನಿಗೆ ಮೊದಲು ಕೊತ್ತಂಬರಿ ಕಾಫಿ. ಲೋಟ ಎರಡು ಕೈಯಲ್ಲಿ ಹಿಡಿದುಕೊಂಡರೆ ಸ್ಲೇಟು ಹಿಡಿದು ಮರಗಟ್ಟಿದ ಬೆರಳು ಬಿಚ್ಚಿಕೊಳ್ಳುತ್ತಿದ್ದವು. ರಾಗಿ ತೆನೆ ಹಾಲುಗಟ್ಟಿದ್ದರೆ ಅದನ್ನು ಕೆಂಡದಲ್ಲಿ ಬಾಡಿಸಿ, ಮೊರದ ಮೇಲೆ ಉಜ್ಜಿ, ಆ ಹಸಿರು ಕಾಳಿಗೆ ಬೆಲ್ಲ ಸೇರಿಸಿ ಅಂಗೈಗೆ ಹಾಕುತ್ತಿದ್ದಳು. ಒಲೆಯ ಬಲಗಡೆ ಒಂದು ಚಪ್ಪಡಿ ಕಲ್ಲಿತ್ತು, ಬೆಚ್ಚಗಿರುತ್ತಿತ್ತು. ಮೊದಲು ಬಂದವನಿಗೆ ಆ ಕಲ್ಲು. ನನ್ನ ತಮ್ಮನಿಗಿಂತ ಮೊದಲು ಆ ಕಲ್ಲಿನ ಮೇಲೆ ಕೂರಬೇಕು, ಆ ವರ್ಷದ ನನ್ನ ಬದುಕೆಲ್ಲ ಅಷ್ಟೇ.

ಆದರೆ ನನಗೊಂದು ಕೆಲಸ ಹಚ್ಚಿದ್ದರು. ಹಿಪ್ಪುನೇರಳೆ ಸೊಪ್ಪನ್ನು ಮಳೆಯಲ್ಲಿ ಕೊಯ್ದು ತಂದರೆ ಅದು ತೊಯ್ದಿರುತ್ತದೆ. ತೊಯ್ದ ಸೊಪ್ಪನ್ನು ಹುಳಕ್ಕೆ ಹಾಕುವ ಹಾಗಿಲ್ಲ. ಗೋಣಿತಟ್ಟಿನ ಮೇಲೆ ಹರಡಿ, ಕೊಡವಿ, ಮೊರದಲ್ಲಿ ಬೀಸಿ, ನೀರಾರಿದ ಮೇಲೆ ಹಾಕಬೇಕು. ದೊಡ್ಡ ಹುಳಕ್ಕಂತೂ ಇದರಲ್ಲಿ ರಿಯಾಯಿತಿಯೇ ಇಲ್ಲ. ಅಪ್ಪ ಇದನ್ನು ಎಷ್ಟು ಸಲ ಹೇಳಿದ್ದ ಅಂದರೆ ಆ ಮಾತು ನನಗೆ ಕೇಳಿಸುವುದೇ ನಿಂತುಹೋಗಿತ್ತು. ಸಂಜೆಯ ಸೊಪ್ಪು ಆರಿಸುವ ಕೆಲಸ ನನ್ನದು. ಆ ವರ್ಷ ಮಳೆ ಬಿಡಲಿಲ್ಲ. ಕೊಡವಿದಷ್ಟೂ ನೀರು. ಅತ್ತ ಕಡೆ ಮೋಟುಗೋಡೆಯಾಚೆ ಕಡಲೆಕಾಯಿ ಬೇಯುವ ವಾಸನೆ, ತಮ್ಮನ ನಗು. ನಾನು ಸೊಪ್ಪನ್ನು ಒಂದು ಸಲ ಎತ್ತಿ ಬಡಿದು, ಬುಟ್ಟಿಗೆ ತುಂಬಿ, ಹಾಗೇ ತಟ್ಟೆಗಳಿಗೆ ಸುರಿದು ಓಡಿದೆ. ಮಾರನೇ ದಿನವೂ ಹಾಗೇ ಮಾಡಿದೆ. ಮಳೆ ಹಿಡಿದಿದ್ದಷ್ಟು ದಿನವೂ ಹಾಗೇ ಮಾಡಿದೆ. ಕಲ್ಲು ನನಗೇ ಸಿಕ್ಕಿತು.

ಹುಳ ಸೊಪ್ಪು ತಿನ್ನುವ ಸದ್ದು ಜಿನುಗು ಮಳೆಯ ಸದ್ದಿನ ಹಾಗೇ. ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಯಾವುದು ಯಾವ ಸದ್ದು ಅಂತ ಗೊತ್ತಾಗುತ್ತಿರಲಿಲ್ಲ. ಅವತ್ತು ಬೆಳಿಗ್ಗೆ ಮಳೆ ನಿಂತಿತು. ನಿಂತ ಮೇಲೆ ಮನೆಯೊಳಗೂ ಸದ್ದಿರಲಿಲ್ಲ. ಅಪ್ಪ ತಟ್ಟೆ ಎಳೆದು ನೋಡಿದ. ಹುಳಗಳು ಸೊಪ್ಪಿನ ಮೇಲೆ ತಲೆ ಎತ್ತದೆ ಮೆತ್ತಗೆ ಬಿದ್ದಿದ್ದವು, ಮುಟ್ಟಿದರೆ ಕೈಗೆ ನೀರು. ಒಂದೊಂದೇ ತಟ್ಟೆ ಎಳೆಯುತ್ತ ಹೋದ ಹಾಗೆ ಅಪ್ಪನ ಕುತ್ತಿಗೆಯ ನರ ಎದ್ದು ನಿಂತಿತು. ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕಿದ್ದ ಹುಳ. ಅದನ್ನು ನಂಬಿಕೊಂಡೇ ಹಬ್ಬಕ್ಕೆ ಬಟ್ಟೆ, ಅಪ್ಪನ ತಂಗಿಯ ಬಾಣಂತನ, ಎಲ್ಲ ಇದ್ದವು. ಅಜ್ಜಿ ಎದೆ ಬಡಿದುಕೊಳ್ಳಲಿಲ್ಲ. ಗೋಡೆಗೆ ಒರಗಿ ಕೂತು ಮೂಗೆಳೆದಳು.

"ವಾಸ್ನೆ ಬಿದ್ದೈತೆ. ಯಾರ್ ಒಗ್ಗರಣೆ ಹಾಕ್ದೋರು?"

ಒಲೆ ಹಿಡಿದಿದ್ದವಳು ಒಬ್ಬಳೇ. ಚಿಕ್ಕವ್ವ ಮೋಟುಗೋಡೆಯ ಈಚೆ ಬಂದಳು.

"ನಾನಂತೂ ಹಾಕಿಲ್ಲ."

"ನಿನ್ ಸಾರು ಅಷ್ಟ್ ಗಮ್ಮಂತ ಬತ್ತದಲ್ಲ, ಒಗ್ಗರಣೆ ಇಲ್ದೆ ಹೆಂಗ್ ಬಂತು?"

"ಹುಚ್ಚೆಳ್ಳು ಅತ್ತೆ. ನೀವೇ ಉಂಡಿದ್ದೀರಿ."

ಆಗ ಅಜ್ಜಿ ನನ್ನ ಕಡೆ ತಿರುಗಿದಳು. ನಾನು ಖಾಲಿ ಸೊಪ್ಪಿನ ಬುಟ್ಟಿಯ ಪಕ್ಕ ನಿಂತಿದ್ದೆ. ಬುಟ್ಟಿಯ ತಳ ಹಿಂದಿನ ಸಂಜೆಯ ನೀರಿಗೆ ಇನ್ನೂ ಒದ್ದೆಯಾಗಿತ್ತು.

"ನೀನ್ ಹೇಳ್ಲಾ. ದಿನಾ ಒಲೆ ಮಗ್ಗುಲಲ್ಲೇ ಬಿದ್ದಿರ್ತೀಯಲ್ಲ. ಒಗ್ಗರಣೆ ಹಾಕಿದ್ಲಾ, ಇಲ್ವಾ?"

ಇಲ್ಲ ಅಂದರೆ ಮುಂದಿನ ಪ್ರಶ್ನೆ ಸೊಪ್ಪಿನದು ಅಂತ ನನಗೆ ಗೊತ್ತಿತ್ತು. ಹುಡುಗ, ತಿಳಿಯಲಿಲ್ಲ, ಅಂತ ಯಾರೂ ನನಗೆ ಮಾಫಿ ಕೊಡಬೇಡಿ. ಚೆನ್ನಾಗಿ ತಿಳಿದಿತ್ತು.

"ಹೂಂ ಅಜ್ಜಿ. ಸಾಸ್ವೆ ಚಟಪಟ ಅಂತು. ನಾನೇ ಕೇಳಿಸ್ಕೊಂಡೆ."

ಹೂಂ ಅಂದಿದ್ದರೆ ಸಾಕಿತ್ತು. ಸಾಸಿವೆಯನ್ನು ಸಿಡಿಸಿದ್ದು ನಾನು. ಸುಳ್ಳಿಗೆ ಸದ್ದು ಸೇರಿಸಿದರೆ ನಂಬುತ್ತಾರೆ ಅಂತ ಆ ವಯಸ್ಸಿಗೇ ನನಗೆ ಯಾರು ಕಲಿಸಿದ್ದರೋ! ಚಿಕ್ಕವ್ವ ನನ್ನ ಕಡೆ ನೋಡಲಿಲ್ಲ. ಅಜ್ಜಿಯ ಎದುರು ಹೋಗಿ ನಿಂತಳು.

"ಸಾಸ್ವೆ ನಿಮ್ ಪೆಟ್ಗೇಲೈತೆ. ಬೀಗದ್ ಕೈ ನಿಮ್ ಸೊಂಟದಲ್ಲೈತೆ. ನಾನ್ ಯಾವ್ ಸಾಸ್ವೆ ಸಿಡಿಸ್ಲಿ?"

ನನ್ನ ಸುಳ್ಳು ಅಲ್ಲೇ, ಎಲ್ಲರ ಕಣ್ಣೆದುರಿಗೇ ಸತ್ತುಹೋಗಿತ್ತು. ನಾನು ಬಹಳ ಸಲ ಆ ಗಳಿಗೆಗೆ ವಾಪಸ್ಸು ಹೋಗಿದ್ದೇನೆ. ಅಪ್ಪ ಒಂದು ಮಾತಾಡಬಹುದಿತ್ತು. ಅವ್ವ ಮಾತಾಡಬಹುದಿತ್ತು. ಅವ್ವ ಏನು ಮಾಡಿದಳು ಗೊತ್ತೇ? ನಿಧಾನಕ್ಕೆ ನನ್ನ ಪಕ್ಕಕ್ಕೆ ಬಂದು, ಬುಟ್ಟಿಯನ್ನು ಓರೆ ಮಾಡಿ, ಸೆರಗಿನಿಂದ ಅದರ ತಳ ಒರೆಸಿದಳು. ಒರೆಸಿ, ಬುಟ್ಟಿಯನ್ನು ಬೋರಲು ಹಾಕಿದಳು. ಇದನ್ನೇ ನನ್ನ ತಮ್ಮ ಬರೆಯಬೇಡ ಅನ್ನುವುದು.

"ತವರಿಂದ ತಂದಿರ್ತೀಯ. ಆ ಡಬ್ಬಿ ತಾ," ಅಂದಳು ಅಜ್ಜಿ.

ಚಿಕ್ಕವ್ವನೇ ತಗಡಿನ ಡಬ್ಬಿ ತಂದು ಹಜಾರದ ನಡುವೆ ಬಗ್ಗಿಸಿದಳು. ಕಪ್ಪಗೆ, ಹೊಳೆಯುವ ಹುಚ್ಚೆಳ್ಳು ನೆಲದ ಮೇಲೆ ರಾಶಿ ಬಿತ್ತು. ಅಜ್ಜಿ ಬೆರಳಾಡಿಸಿದಳು. ಒಂದು ಕಾಳು ಸಾಸಿವೆ ಸಿಗಲಿಲ್ಲ.

"ಮುಗ್ದಿರ್ಬೇಕು," ಅಂದಳು. "ಕಬ್ಬಾಳಮ್ಮನ್ ಹೆಸ್ರಲ್ಲಿ ಕರ್ಪೂರ ಹಚ್ಚಿ ಆಣೆ ಇಡು. ಇಲ್ದಿದ್ರೆ ನನ್ ಒಲೆ ಮುಟ್ಬೇಡ."

"ಆಣೆ ಇಡಕಿಲ್ಲ. ಮಾಡ್ದೆ ಇರೋದಕ್ಕೆ ದೇವ್ರನ್ಯಾಕೆ ಕರೀಲಿ? ಕಣ್ಣ್ ಮುಂದ್ ಬಿದ್ದಿರೋದನ್ನೇ ನೀವ್ ನಂಬ್ಲಿಲ್ಲ, ಕರ್ಪೂರ ನಂಬ್ತೀರಾ? ನಿಮ್ ಒಲೆ ನೀವೇ ಇಟ್ಕಳಿ."

ಆವತ್ತೇ ಅವಳು ಹಿತ್ತಲಿಗೆ ಹೋದಳು. ಹೊಂಗೆ ಮರದ ಕೆಳಗೆ ಮೂರು ಕಲ್ಲು ಹೂಡಿದಳು. ಚಿಕ್ಕಪ್ಪ ಮಾತು ಕಡಿಮೆಯ ಮನುಷ್ಯ. ಅಣ್ಣನ ಎದುರು ತುಟಿ ಬಿಚ್ಚುತ್ತಿರಲಿಲ್ಲ. ಆದರೆ ಊಟದ ಹೊತ್ತಿಗೆ ಹಜಾರ ದಾಟಿ ಹೋಗಿ ಆ ಮರದ ಬೇರಿನ ಮೇಲೆ ಕೂತ. ಮಾರನೇ ದಿನ ಮೂಟೆಯಿಂದ ಒಂದು ಗೋಣಿ ಎಳೆದು, ಮಳೆಗೆ ಮರೆಯಾಗಿ ಒಲೆಯ ಮೇಲೆ ಕಟ್ಟಿದ. ಚಿಕ್ಕವ್ವ ಅಂಗಡಿಯಿಂದ ಸಾಸಿವೆ ತರಿಸಿದಳು. ಆಮೇಲೆ ದಿನಾ, ದಿನಕ್ಕೆರಡು ಹೊತ್ತು, ಬಾಣಲೆಯಲ್ಲಿ ಎಣ್ಣೆ ಕಾಯಿಸಿ ಸಾಸಿವೆ ಸುರಿದಳು. ಅದು ಸಿಡಿಯುವಾಗ ಮನೆಯ ಕಡೆ ಮುಖ ಮಾಡಿ ಕೂಗುತ್ತಿದ್ದಳು.

"ಈಗ ಸಿಡೀತೈತೆ ನೋಡಿ! ಕೇಳಿಸ್ತಾ? ಕಿವಿ ಇರೋರೆಲ್ಲ ಕೇಳಿಸ್ಕಳಿ!"

ಅಕ್ಕಪಕ್ಕದವರು ನಕ್ಕರು. ಕೆಲವರು ಬಂದು ಕೂತರು. ಸ್ವಾತಿ ಮಳೆಯ ಹೊತ್ತಿಗೆ ಆ ಹೊಂಗೆ ಮರದ ಕೆಳಗೆ ನಮ್ಮ ಹಜಾರಕ್ಕಿಂತ ಹೆಚ್ಚು ಜನ. ಬೀದಿಯ ಮಕ್ಕಳಿಗೆಲ್ಲ ಬೇಯಿಸಿದ ಕಡಲೆಕಾಯಿ, ಸುಟ್ಟ ಗೆಣಸು, ಬೆಲ್ಲದ ಕಾಫಿ. ನನ್ನ ತಮ್ಮನೂ ಹೋಗಿ ತಿಂದು ಬಂದು, ಬಾಯಿ ಒರೆಸಿಕೊಳ್ಳದೆ ನನ್ನೆದುರಿಗೆ ಓಡಾಡುತ್ತಿದ್ದ. ಒಳಗೆ ಅವ್ವ ಮಾಡಿದ್ದು ಮತ್ತೆ ಉಪ್ಪು, ಸೊಪ್ಪು, ಹಸಿಮೆಣಸಿನಕಾಯಿ. ಬೆಚ್ಚನೆಯ ಆ ಚಪ್ಪಡಿ ಕಲ್ಲು ಪೂರಾ ನನ್ನದಾಗಿತ್ತು, ಈಗ ಅದಕ್ಕೆ ಪೈಪೋಟಿ ಇರಲಿಲ್ಲ. ನಾನು ಅದರ ಮೇಲೆ ಕೂರುವುದನ್ನು ಬಿಟ್ಟೆ. ಹೊಸ ಹುಳ ಬಂತು. ಅದಕ್ಕೆ ಒಂದೊಂದು ಎಲೆಯನ್ನೂ ನನ್ನ ಅಂಗಿಯಲ್ಲಿ ಒರೆಸಿ ಹಾಕಿದೆ. ಹಿತ್ತಲಲ್ಲಿ ಸಾಸಿವೆ ಸಿಡಿಯುತ್ತಲೇ ಇತ್ತು, ಗಾಳಿ ತಿರುಗಿದಾಗ ಘಾಟು ಒಳಗೂ ಬರುತ್ತಿತ್ತು, ಹುಳ ಮಾತ್ರ ಬೆಳ್ಳಗೆ, ದಪ್ಪಗೆ ಬೆಳೆದು ಗೂಡು ಕಟ್ಟಿತು. ಅಪ್ಪ ಅದನ್ನು ನೋಡಿದ, ಅಜ್ಜಿ ನೋಡಿದಳು. ಗೂಡು ಬಿಡಿಸಿ ಚೀಲಕ್ಕೆ ತುಂಬಿದರು, ಅಷ್ಟೇ. ಎಲೆ ಒರೆಸಿದರೆ ತಪ್ಪು ಒರೆಸಿದ ಹಾಗೆ ಅಂತ ನಾನು ಅಂದುಕೊಂಡಿದ್ದೆ. ಒಂದು ಸಂಜೆ ಧೈರ್ಯ ಮಾಡಿ, ನನ್ನ ಅಲ್ಯುಮಿನಿಯಂ ತಟ್ಟೆ ತೆಗೆದುಕೊಂಡು ಹೊಂಗೆ ಮರದ ಹತ್ತಿರ ಹೋದೆ. ಅವಳು ಆವತ್ತು ಹುರುಳಿಕಟ್ಟಿನ ಸಾರು ಮಾಡಿದ್ದಳು. ಸಾಲಾಗಿ ಕೂತವರಿಗೆ ಬಡಿಸುತ್ತ ಬಂದು, ನನ್ನ ಮುಂದೆ ಸೌಟು ಎತ್ತಿಕೊಂಡು ನಿಂತಳು.

"ನಾನ್ ಹೋಗಿ ನಿನ್ ಹೆಸ್ರು ಹೇಳಕಿಲ್ಲ. ತೊಯ್ದಿದ್ ಸೊಪ್ಪು ನಾನೂ ನೋಡಿದ್ದೆ. ಹಾಕ್ಬೇಡ ಅಂತ ನಾನೇ ಹೇಳ್ಬೇಕಿತ್ತು, ಮಗ ಹಸ್ಕೊಂಡೈತೆ ಅಂತ ಸುಮ್ಕಾದೆ. ಅದು ನನ್ ತಪ್ಪು, ಅದ್ನ ನಾನ್ ಅನುಭವ್ಸ್ತೀನಿ. ನಿಂದು ನೀನ್ ಹೇಳು. ಒಳೀಕೆ ಹೋಗಿ, ನಿಮ್ಮಜ್ಜಿ ಮುಂದೆ, ಬಾಯ್ಬಿಟ್ಟು ಹೇಳು. ಆಮೇಕೆ ತಟ್ಟೆ ತಗೊಂಡ್ ಬಾ. ತಳದಲ್ಲಿರೋದೆಲ್ಲ ಮೊಗ್ದು ಹಾಕ್ತೀನಿ."

ಸೌಟು ನನ್ನ ಪಕ್ಕದವನ ತಟ್ಟೆಗೆ ಹೋಯಿತು. ಸುತ್ತ ಕೂತವರು ತಲೆ ಬಗ್ಗಿಸಿಕೊಂಡು ಮುದ್ದೆ ಮುರಿಯುತ್ತಿದ್ದರು. ನಾನು ಖಾಲಿ ತಟ್ಟೆ ಹಿಡಿದುಕೊಂಡು ಎದ್ದೆ. ಮನೆಯ ಹಿಂಬಾಗಿಲ ತನಕ ನಡೆದೆ. ಅಜ್ಜಿ ಒಳಗೆ ಎಲೆಅಡಿಕೆ ಕುಟ್ಟುತ್ತಿದ್ದದ್ದು ಕೇಳಿಸುತ್ತಿತ್ತು. ಹೊಸ್ತಿಲ ಮೇಲೆ ಅವ್ವ ನಿಂತಿದ್ದಳು. ಎಲ್ಲವೂ ಕೇಳಿಸಿತ್ತು ಅವಳಿಗೆ. ನನ್ನ ಕೈಯಿಂದ ತಟ್ಟೆ ತೆಗೆದುಕೊಂಡು, ಒಳಗೆ ಹೋಗಿ, ಸೊಪ್ಪು ಬಡಿಸಿ ತಂದು ಕೊಟ್ಟಳು. ನಾನು ತಿಂದೆ. ಅವ್ವ ತಡೆದಳು ಅಂತ ನಾನು ಬಹಳ ವರ್ಷ ನನಗೇ ಹೇಳಿಕೊಂಡೆ. ಅವ್ವ ತಡೆಯಲಿಲ್ಲ. ಅವಳು ದಾರಿಗೆ ಅಡ್ಡ ನಿಂತಿರಲಿಲ್ಲ, ಪಕ್ಕಕ್ಕೆ ನಿಂತಿದ್ದಳು. ಒಳಗೆ ಹೋಗಲು ಜಾಗವಿತ್ತು.

ಸಂಕ್ರಾಂತಿಗೆ ಮುಂಚೆ ಚಿಕ್ಕವ್ವನ ಅಣ್ಣ ಗಾಡಿ ಕಟ್ಟಿಕೊಂಡು ಬಂದ. ಜಗುಲಿ ಹತ್ತಲಿಲ್ಲ, ನೀರು ಕುಡಿಯಲಿಲ್ಲ. ಹಿತ್ತಲ ಬೇಲಿಯ ಆಚೆ ನಿಂತು ತಂಗಿಯನ್ನು ಹೆಸರು ಹಿಡಿದು ಕೂಗಿದ. ನಮ್ಮ ಮನೆಯಲ್ಲಿ ಅವಳ ಹೆಸರನ್ನು ಯಾರಾದರೂ ಕೂಗಿದ್ದು ಕೇಳಿದ್ದು ನಾನು ಅದೇ ಮೊದಲು. ಅದು ಒಳ್ಳೆಯ ಹೆಸರು. ಕೂಗಿದರೆ ದೂರ ಹೋಗುವ ಹೆಸರು. ಚಿಕ್ಕಪ್ಪನೂ ಗಾಡಿ ಹತ್ತಿದ. ಅವರಿಬ್ಬರೂ ಮತ್ತೆ ಬರಲಿಲ್ಲ. ಮುಂದಿನ ಮಳೆಗಾಲದ ಕೊನೆಗೆ, ಹುಳ ನಾಲ್ಕನೇ ಜ್ವರದಿಂದ ಎದ್ದ ದಿನ, ಅವ್ವ ಯಾರಿಗೂ ಏನೂ ಹೇಳದೆ ಹುರುಳಿ ಬೇಯಿಸಿದಳು, ಬೆಳ್ಳುಳ್ಳಿ ಬೂದಿಯಲ್ಲಿ ಹುಗಿದಳು, ಅಂಗೈಯಲ್ಲಿ ಹುಚ್ಚೆಳ್ಳು ಉಜ್ಜಿದಳು. ಅಜ್ಜಿ ಉಂಡು, "ಕಬ್ಬಾಳೋಳೆ, ಚೆಂದಾಗ್ ಮಾಡಿದ್ದೀಯ ಕಣೆ," ಅಂದಳು. ಚಿಕ್ಕವ್ವನಿಗೆ ಸಿಗದ ಹೊಗಳಿಕೆ. ನಾನೂ ಉಂಡೆ. ಗಂಟಲಲ್ಲಿ ಇಳಿಯಲಿಲ್ಲ ಅಂತ ಬರೆದರೆ ಓದುವವರಿಗೆ ಚೆಂದ. ಚೆನ್ನಾಗಿ ಇಳಿಯಿತು. ಎರಡು ಮುದ್ದೆ ಉಂಡೆ.

ಆಮೇಲೆ ಚಿಕ್ಕವ್ವನನ್ನು ನಾನು ಮುಖಾಮುಖಿ ಕಂಡದ್ದು ಒಂದೇ ಸಲ. ಆಗ ನನಗೆ ಮದುವೆಯಾಗಿ ಮಗ ಹುಟ್ಟಿದ್ದ. ಯಾರದೋ ಮದುವೆಗೆ ಹೋಗಿ ಮಾಗಡಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ, ಇಸ್ತ್ರಿ ಮಾಡಿದ ಅಂಗಿ, ಒಂದು ಕೈಯಲ್ಲಿ ತಾಂಬೂಲದ ಚೀಲ, ಇನ್ನೊಂದರಲ್ಲಿ ಪುಟ್ಟ ಮಗನ ಕೈ. ಹಿಂದಿನಿಂದ ಯಾರೋ ಭುಜ ತಟ್ಟಿದರು. ತಲೆ ಬೆಳ್ಳಗಾಗಿತ್ತು, ಎತ್ತರ ಹಾಗೇ ಇತ್ತು.

"ಏನ್ಲಾ, ತಟ್ಟೆ ತಂದಿದ್ದೀಯಾ?"

ತಮಾಷೆಯ ದನಿಯಲ್ಲೇ ಕೇಳಿದಳು. ಆದರೆ ಕೇಳಿ ಸುಮ್ಮನೆ ನಿಂತಳು, ಉತ್ತರ ಬೇಕು ಅನ್ನುವ ಹಾಗೆ. ಸುತ್ತ ಮದುವೆ ಮನೆಯ ಜನ. ನಾನು ನಕ್ಕೆ.

"ಏನ್ ಚಿಕ್ಕವ್ವ, ಇನ್ನೂ ತಮಾಷೆ ಬಿಟ್ಟಿಲ್ಲ ನೀನು. ಹೆಂಗಿದ್ದೀಯ?"

"ನಾನ್ ಚೆನ್ನಾಗಿವ್ನಿ ಕಣಪ್ಪ. ನಾನ್ಯಾಕ್ ಚೆನ್ನಾಗಿರ್ಬಾರ್ದು?"

ಅವಳ ಬಸ್ಸು ಬಂತು. ಕೈಚೀಲದಿಂದ ಒಂದು ಹಿಡಿ ಬೇಯಿಸಿದ ಕಡಲೆಕಾಯಿ ತೆಗೆದು, ನನಗಲ್ಲ, ನನ್ನ ಮಗನ ಕೈಗೆ ಹಾಕಿ ಹತ್ತಿದಳು. ಕಿಟಕಿಯಿಂದ ತಿರುಗಿ ನೋಡಲಿಲ್ಲ. ಕೆಲವು ವರ್ಷದ ಮೇಲೆ ಅವಳು ಹೋದ ಸುದ್ದಿ ಬಂತು. ನಾನು ಹೋಗಲಿಲ್ಲ. ಕಾಲು ನೋವು ಅಂತ ಹೇಳಿ ಕಳಿಸಿದೆ. ಕಾಲು ಚೆನ್ನಾಗಿಯೇ ಇತ್ತು.

ಈ ಸಲ ಚಿತ್ತೆ ಮಳೆ ಹಿಡಿದ ದಿನ, ತಮ್ಮ ಎದ್ದು ಹೋದ ಮಾರನೇ ಬೆಳಿಗ್ಗೆ, ಹೋಟೆಲಿನ ಅಡುಗೆಮನೆಯಲ್ಲಿ ಸವಿತಳ ಮುಂದೆ ಇದೆಲ್ಲವನ್ನೂ ಹೇಳಿದೆ. ಅವಳು ಹುರುಳಿ ಬಸಿಯುತ್ತಿದ್ದಳು. ಸವಿತ ಚನ್ನಪಟ್ಟಣದ ಹುಡುಗಿ. ಅವಳನ್ನು ನಾವು ಹೆಸರು ಹಿಡಿದೇ ಕರೆಯುತ್ತೇವೆ. ಊರಿನ ಹೆಸರಲ್ಲಿ ಕರೆದು ನೋಡಲಿ ಯಾರಾದರೂ, ಸೌಟು ಬೀಳುತ್ತದೆ. ಪೂರಾ ಕೇಳಿ ಅವಳು ಕೈ ಒರೆಸಿಕೊಂಡಳು.

"ಅಂದ್ರೆ ಮಾವ, ಇದು ಅಜ್ಜಿ ಸಾರೇ ಅಲ್ವಾ?"

"ಅಲ್ಲ."

"ಮತ್ತೆ ಇಷ್ಟ್ ವರ್ಷ ಸುಮ್ನೆ ಕೂತು ಉಂಡ್ರಲ್ಲ ಮಾವ!"

"ಹೂಂ ಕಣವ್ವ. ಉಂಡೆ."

ಅವಳು ಸಮಾಧಾನ ಹೇಳಲಿಲ್ಲ, ಅದಕ್ಕೆ ಅವಳ ಮೇಲೆ ನನಗೆ ಗೌರವ. ಒದ್ದೆ ಬಟ್ಟೆ ತಂದು ಹಲಗೆ ಒರೆಸಿದಳು.

"ಗುಡೇಮಾರನಳ್ಳಿ ಸಾರು ಅಂತ ಬರೀಲಾ?"

"ಬೇಡ. ಊರಿನ್ ಹೆಸ್ರಲ್ಲಿ ಅವಳನ್ನ ಮುಚ್ಚಿಟ್ಟಿದ್ದು ಸಾಕು. ಇಲ್ಲಿ ಕೊಡು."

ಸೀಮೆಸುಣ್ಣ ನಾನೇ ತೆಗೆದುಕೊಂಡೆ. ಆಪರೇಷನ್ ಆದ ಕಣ್ಣು, ಆದರೂ ದೊಡ್ಡ ಅಕ್ಷರದಲ್ಲಿ, ರಸ್ತೆಯ ಆಚೆಗೂ ಕಾಣುವ ಹಾಗೆ ಬರೆದೆ. ಗೂಡು ಮಾರಿ ಬಂದ ರೈತನೊಬ್ಬ ಬಾಗಿಲಲ್ಲೇ ನಿಂತು ಓದಿದ.

"ಇದ್ಯಾರಪ್ಪ ಹೊಸಬ್ರು? ಅಜ್ಜಿ ಸಾರು ಇಲ್ವಾ ಇವತ್ತು?"

"ಸಾರು ಅದೇ. ಹೆಸ್ರು ಇವತ್ತು ಸರಿಯಾಗೈತೆ. ಕೂತ್ಕೊ."

ಮಧ್ಯಾಹ್ನ ತಮ್ಮ ಬಂದ. ಹಲಗೆ ನೋಡಿದ, ನನ್ನನ್ನು ನೋಡಿದ, ಒಳಗೆ ಬರದೆ ಹೊರಟ. ಅವನು ಹಸಿದಿದ್ದ, ನನಗೆ ಗೊತ್ತು. ಬಂದೇ ಬರುತ್ತಾನೆ, ಈ ಮಳೆಯಲ್ಲಿ ಇನ್ನೆಲ್ಲಿ ಹೋಗುತ್ತಾನೆ? ಬಂದರೆ ಬಡಿಸುತ್ತೇನೆ, ಹಲಗೆ ಮಾತ್ರ ಒರೆಸುವುದಿಲ್ಲ. ಇದನ್ನು ಕ್ಷಮೆ ಅಂತ ನಾನು ಎಣಿಸಿಕೊಂಡಿಲ್ಲ. ಕ್ಷಮೆ ಕೇಳಬೇಕಾದ ಜಾಗ ಬಸ್‌ಸ್ಟ್ಯಾಂಡು, ಅಲ್ಲಿ ನಾನು ಹಲ್ಲು ಕಿರಿದೆ. ಅದಕ್ಕೂ ಮೊದಲು ಹಿಂಬಾಗಿಲ ಹೊಸ್ತಿಲು, ಅಲ್ಲಿ ನಾನು ಸೊಪ್ಪು ತಿಂದೆ. ಈಗ ಸಾರು ಮಾಡಿ ಎಲ್ಲರಿಗೂ ಬಡಿಸುತ್ತೇನೆ, ನನ್ನ ತಟ್ಟೆಯನ್ನು ಮಾತ್ರ ಆ ಪಾತ್ರೆಯ ಹತ್ತಿರ ಒಯ್ಯುವುದಿಲ್ಲ. ಬಡಿಸಬೇಕಾದವಳು ಬಡಿಸಲಿಲ್ಲ. ಸಂಜೆ ಸವಿತ ಹಲಗೆ ತೊಳೆಯುತ್ತಾಳೆ, ಬೆಳಿಗ್ಗೆ ನಾನು ಮತ್ತೆ ಬರೆಯುತ್ತೇನೆ. ಬೇರೆ ಯಾರ ಕೈಗೂ ಸೀಮೆಸುಣ್ಣ ಕೊಡುವುದಿಲ್ಲ. ಬರೆಯುವಾಗ, ಅವಳ ಅಣ್ಣ ಬೇಲಿಯಾಚೆಯಿಂದ ಕೂಗಿದ ಹಾಗೆ, ಬಾಯಿಬಿಟ್ಟು ಓದಿಕೊಂಡೇ ಬರೆಯುತ್ತೇನೆ: ಗಂಗಹೊನ್ನಮ್ಮ.